ಸೃಷ್ಟಿಯ ಸೀಟಿಗೆ ಎರಡು ಕಿವಿ

ಬೆಳಗಾವಿಯ ವಡಗಾವಿ ಓಣಿಯಲ್ಲಿ ಶಿವಲಿಂಗವ್ವನ ಮಡಿಲು ಖಾಲಿ ಇದ್ದದ್ದನ್ನು ಈಚೆಗೆ ಯಾರೂ ಕಂಡಿಲ್ಲ. ಶೇಂಗಾ ಸುಲಿಯಲು ಕುಳಿತರೆ ಮಡಿಲಲ್ಲಿ ಮೊಮ್ಮಗಳು ಸೃಷ್ಟಿ. ಕೌದಿ ಹೊಲಿಯಲು ಕುಳಿತರೂ ಸೃಷ್ಟಿ. ಮಗ ವಿನಯನ ಕಾರಿನಲ್ಲಿ ಪೇಟೆಗೆ ಹೊರಟರೂ ಅದೇ ಮಡಿಲು, ಅದೇ ಸೃಷ್ಟಿ.

ವಿನಯ ಮತ್ತು ಸೊಸೆ ಕಾಂತಾ ಮದುವೆಯಾಗಿ ಬಹಳ ಕಾಲ ಆ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಆಗ ಶಿವಲಿಂಗವ್ವ ಖಾನಾಪುರದಾಚೆಯ ತನ್ನ ತವರೂರಿಗೆ ಹೋಗಿ, ಬಸವಣ್ಣನ ಗುಡಿಯಲ್ಲಿ ಸೆರಗೊಡ್ಡಿ ಬೇಡಿಕೊಂಡಿದ್ದಳು. "ಯಪ್ಪಾ, ಈ ಮನಿಗೆ ಒಂದು ಕೂಸು ಕೊಡು. ನನ್ನ ಉಡಿಯಾಗ ಇಟ್ಕೊಂಡು ನಿನ್ನ ಮುಂದ ತಂದು ಜಾವಳಾ ತಗಸ್ತೀನಿ." ಬಸವಣ್ಣನಿಗೆ ಕೇಳಿಸಿತು. ಕೂಸು ಬಂತು, ಬೆಳೆಯಿತು, ತಲೆತುಂಬ ಗುಂಗುರು ಕೂದಲು ಬಿಟ್ಟಿತು. ಈಗ ಆ ಮೊದಲ ಕೂದಲು ತೆಗೆಸುವ ಸೋಮವಾರ ಹತ್ತಿರ ಬಂದಿತ್ತು.

ಅಷ್ಟರಲ್ಲಿ ಮನೆಗೆ ಒಂದು ದೊಡ್ಡ ರಟ್ಟಿನ ಡಬ್ಬಿ ಬಂತು. ಕಾಂತಾ ಅದನ್ನು ಬಿಚ್ಚಿ, ಒಳಗಿದ್ದ ಕೂಸಿನ ಸೀಟನ್ನು ಪಡಸಾಲೆಯ ನಡುವೆ ಇಟ್ಟಳು. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಶಿವಲಿಂಗವ್ವ ಅದರ ಸುತ್ತ ಒಂದು ಸುತ್ತು ಹಾಕಿದಳು.

"ಇದೇನ ಕಾಂತಾ? ಕುರ್ಚಿಗೆ ಕಿವಿ ಮೂಡ್ಯಾವಲ್ಲ!"

"ಅತ್ತಿ, ಇದನ್ನ ಗಾಡ್ಯಾಗ ಕಟ್ಟಿ ಸೃಷ್ಟಿನ್ನ ಕುಂದರ್ಸೂದ್ರಿ. ಬಾಜೂಕಿಂದ ಏನರ ಬಂದು ಹಾಯ್ದ್ರ ಕೂಸಿನ ತಲಿ, ಹೆಗಲು ಬಾಗಲಕ್ಕ ಬಡೀಬಾರ್ದಂತ ಈ ಕಿವಿ ಇಟ್ಟಾರ."

"ಬಾಯಾಗ ಚಲೋ ಮಾತ ಬರ್ಲೆವ್ವಾ! ದೇವರಿಗೆ ಹೊಂಟ ಹೊತ್ತಿನ್ಯಾಗ ಹಾಯೂದು ಬಡಿಯೂದು ಅಂತಿ!"

ವಿನಯ ನಡುವೆ ಬಾಯಿ ಹಾಕಿದ. "ಯವ್ವಾ, ಇನ್ನ ಮ್ಯಾಲ ಗಾಡ್ಯಾಗ ಇಕಿ ಇದರಾಗ ಕುಂದರ್ತಾಳ. ಉಡಿಯಾಗ ಬ್ಯಾಡ."

"ಯಾಕ? ನನ್ನ ಉಡಿಗೆ ತೂತು ಬಿದ್ದೈತೇನ?"

ಕಾಂತಾ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ಶಿವಲಿಂಗವ್ವನಿಗೆ ಮಾತ್ರ ನಗು ಬರಲಿಲ್ಲ. ಉಡಿಯಲ್ಲಿ ತರುತ್ತೇನೆಂದು ಬಸವಣ್ಣನಿಗೆ ಮಾತು ಕೊಟ್ಟವಳು ಅವಳು. ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ತಂದರೆ ಆ ಮಾತು ಏನಾಗಬೇಕು?

ಆದರೂ ಮಕ್ಕಳ ಮನಸ್ಸು ಮುರಿಯಬಾರದೆಂದು ಸಂಜೆ ಸೀಟನ್ನು ಕಾರಿನಲ್ಲಿ ಇಡಿಸಿ, ಸೃಷ್ಟಿಯನ್ನು ಕೂರಿಸಿ ನೋಡಿದಳು. ಕೂಸಿನ ಮುಖ ಎರಡು ಕಿವಿಗಳ ನಡುವೆ ಹುದುಗಿತು. "ಗಾಣದ ಎತ್ತಿಗೆ ಕಣ್ಣಪಟ್ಟಿ ಕಟ್ಟಿದಂಗ ಆತಲ್ಲೋ! ಪಾಪ, ಬಾಜೂಕಿಂದು ಏನೂ ಕಾಣಂಗಿಲ್ಲ" ಎಂದು ಮರುಗಿದಳು. ಒಳಗೆ ಹೋಗಿ ತಾನೇ ಹೊಲಿದ ಕೌದಿ ತಂದಳು. ನೇಕಾರರ ಮನೆಗಳಿಂದ ಬಂದ ಬಣ್ಣಬಣ್ಣದ ಚಿಂದಿಯನ್ನೆಲ್ಲ ಒಟ್ಟುಮಾಡಿ ಹೊಲಿದ ದಪ್ಪ ಕೌದಿ ಅದು. ಅದನ್ನು ಮಡಚಿ ಮಡಚಿ ಸೀಟಿನಲ್ಲಿಟ್ಟು, ಅದರ ಮೇಲೆ ಸೃಷ್ಟಿಯನ್ನು ಕೂರಿಸಿದಳು. ಸೃಷ್ಟಿಯ ತಲೆ ಕಿವಿಗಳನ್ನು ದಾಟಿ ಮೇಲೆ ಬಂತು. "ಎಮ್ಮಿ! ಆಯೀ, ಎಮ್ಮಿ!" ಎಂದು ಕೂಸು ಅಜ್ಜಿಯನ್ನು ಕರೆದು, ಕಿಟಕಿಯಾಚೆ ನೋಡಿ ಚಪ್ಪಾಳೆ ತಟ್ಟಿತು.

"ನೋಡು, ಹೆಂಗ ಖುಷಿ ಆತು! ಈ ಕಿವಿ ಕತ್ತರಿಸಿ, ಕೌದಿ ಕೂಡಿಸಿ ಹೊಲಿಸಿಬಿಡ್ತೀನಿ. ನಮ್ಮ ಇಮಾಮಬೀ ಮಗಾ ಫರಾಜಂದು ಕುಶನ್ ಅಂಗಡಿ ಐತೆಲ್ಲ."

ಕಾಂತಾಳ ಮುಖ ಸಣ್ಣಗಾಯಿತು. ವಿನಯ ಹೆಂಡತಿಗೆ ಕಣ್ಣಲ್ಲೇ ಸುಮ್ಮನಿರು ಎಂದ. "ಆಗ್ಲಿ ಯವ್ವಾ. ಫರಾಜ ಹೂಂ ಅಂದ್ರ ಕತ್ತರಸೂಣು."

ಇಮಾಮಬೀ ಮತ್ತು ಶಿವಲಿಂಗವ್ವ ಒಂದೇ ಓಣಿಗೆ ಸೊಸೆಯಂದಿರಾಗಿ ಬಂದವರು. ಒಬ್ಬರ ಕೌದಿಗೆ ಇನ್ನೊಬ್ಬರು ಅಂಚು ಕಟ್ಟಿದವರು. ಮುಂದೆ ಇಮಾಮಬೀಯ ಮಗ ಖಾನಾಪುರ ರಸ್ತೆಯಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿ ಇಟ್ಟಾಗ, ಅವಳೂ ಅಲ್ಲಿ ಕುಳಿತು ಸೂಜಿ ಹಿಡಿದಳು. ರವಿವಾರ ಬೆಳಿಗ್ಗೆ ವಿನಯ ತಾಯಿಯನ್ನೂ ಸೀಟನ್ನೂ ಕೌದಿಯನ್ನೂ ಅಲ್ಲಿಗೆ ಕರೆತಂದ. ಸೃಷ್ಟಿ ಕಾಂತಾಳ ಜೊತೆ ಮನೆಯಲ್ಲೇ ಉಳಿದಳು.

"ಬಾ ಬಾ ಶಿವಲಿಂಗೀ!" ಇಮಾಮಬೀ ಕುಳಿತಲ್ಲಿಂದಲೇ ಕೂಗಿದಳು. "ನಾಳಿಗೆ ಜಾವಳಾ ಇಟ್ಕೊಂಡು ಇಲ್ಲಿಗ್ಯಾಕ ಬಂದಿ?"

"ಕಿವಿ ಕೊಯ್ಸಾಕ ಬಂದೀನಿ."

"ಯಾ ಅಲ್ಲಾ! ಯಾರ್ದ ಕಿವಿ?"

"ಈ ಕುರ್ಚೀದು. ನಿನ್ನ ಮಗಾ ಒಲ್ಲೆ ಅಂದ್ರ ಅವಂದ."

ಶಿವಲಿಂಗವ್ವನನ್ನು ಚಿಕ್ಕಮ್ಮನೆಂದು ತಿಳಿದು ಮೌಶಿ ಎಂದೇ ಕರೆಯುವ ಫರಾಜ ನಗುತ್ತ ಎದ್ದು ಬಂದ. ಸೀಟನ್ನು ಮೇಜಿನ ಮೇಲಿಟ್ಟು, ಹಿಂದೆ ಅಂಟಿಸಿದ್ದ ಚೀಟಿ ಓದಿದ. ಆಮೇಲೆ ಕಿವಿಯ ಬಟ್ಟೆಯನ್ನು ಸ್ವಲ್ಪ ಸರಿಸಿ ಒಳಗಿನದನ್ನು ತೋರಿಸಿದ. "ಮೌಶಿ, ಇಲ್ಲೆ ಬೆರಳು ಇಟ್ಟು ಒತ್ತಿ ನೋಡ್ರಿ. ಹೆಲ್ಮೆಟ್ ಒಳಗ ಇರತೈತೆಲ್ಲ, ಹಂಥಾದ್ದು ಇದು. ಬಾಜೂಕಿಂದ ಪೆಟ್ಟು ಬಂದ್ರ ಇದು ತಾ ಕುಗ್ಗತೈತಿ. ಪೆಟ್ಟಿನ ಜೋರು ಇದ ನುಂಗತೈತಿ. ಕೂಸಿನ ತಲಿತನಕ ಭಾಳ ಕಡಿಮಿ ಮುಟ್ಟತೈತಿ. ಇದನ್ನ ಕತ್ತರಿಸೂದು ನನ್ನ ಕೈಲಿಂದ ಆಗೂದಿಲ್ರಿ."

"ಗಾಡಿಗೇ ಬಾಗಲಾ ಇಲ್ಲೇನೋ? ಬಾಗಲಾ ಇರೂವಾಗ ಈ ಕಿವಿ ಯಾಕ?"

ಫರಾಜ ಅವಳನ್ನು ಅಂಗಡಿಯ ಮುಂದೆ ನಿಂತಿದ್ದ ಕೆಂಪು ಕಾರಿನ ಬಳಿಗೆ ಕರೆದೊಯ್ದ. ಅದರ ಬಾಗಿಲಿನ ಒಳಗಿನ ಹೊದಿಕೆಯನ್ನು ಹೊಸದಾಗಿ ಹೊಲಿಯಲೆಂದು ಬಿಚ್ಚಿಟ್ಟಿದ್ದ. ಬಾಗಿಲಿನ ಹೊಟ್ಟೆ ಬಯಲಾಗಿತ್ತು. ಅದರೊಳಗೆ ಗಾಜು ಇಳಿಯುವ ಜಾಗ, ಒಂದು ಕಬ್ಬಿಣದ ಅಡ್ಡಪಟ್ಟಿ, ಅದರಾಚೆ ತೆಳ್ಳಗಿನ ತಗಡು.

"ಒಳಗ ಕೈ ಹಾಕಿ ಆ ತಗಡಿಗೆ ಅಂಗೈ ಹಚ್ರಿ" ಎಂದು ಹೇಳಿ ತಾನು ಹೊರಗಿನಿಂದ ಮೆಲ್ಲಗೆ ತಟ್ಟಿದ. ತಟ್ಟಿದ್ದು ಶಿವಲಿಂಗವ್ವನ ಅಂಗೈಗೆ ಹಾಗೆಯೇ ಬಂತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮುಂದ ಇಂಜಿನ್ ಐತಿ, ಹಿಂದ ಡಿಕ್ಕಿ ಐತಿ. ಪೆಟ್ಟು ಬಿದ್ರ ಅವು ಮೊದಲ ಮುರಕೊಂಡು ತಡೀತಾವ. ಬಾಜೂಕ ಏನೈತ್ರಿ ಮೌಶಿ? ಇಷ್ಟ. ಅದಕ್ಕ ಕೂಸಿನ ಸೀಟಿಗೆ ಕಿವಿ ಬೇಕು."

ಶಿವಲಿಂಗವ್ವ ಬಾಗಿಲಿನ ತಗಡನ್ನೇ ನೋಡುತ್ತ ನಿಂತಳು. ಆಮೇಲೆ ಸೋಲೊಪ್ಪದ ದನಿಯಲ್ಲಿ ಹೇಳಿದಳು. "ಹಂಗಾರ ನನ್ನ ಉಡಿನ ಚಲೋ. ಕೂಸಿಗೂ ಬಾಗಲಕ್ಕೂ ನಡುವ ನನ್ನ ಮೈ ಅಡ್ಡ ಇರತೈತಿ. ಬಂದದ್ದು ನನಗ ಬರ್ಲಿ."

ಆ ಮಾತಿಗೆ ಇಮಾಮಬೀಯ ಕಣ್ಣು ತುಂಬಿ ಬಂದವು. ಆದರೆ ಬಾಯಿ ಸುಮ್ಮನಿರಲಿಲ್ಲ. "ನಿನ್ನ ಮೈ ನಿನ್ನ ಮಾತು ಕೇಳಿದ್ರಲ್ಲ ಅಕ್ಕಾ! ನಾನೂ ಹಿಂಗ ಅಂದಾಕಿನ. ನಮ್ಮ ಮೊಮ್ಮಗ ಉಜೈರ ಸಣ್ಣಾವಿದ್ದಾಗ ಸೊಸಿ ಕೂಡ ಜಗಳಾ ಮಾಡಿದ್ನಿ. ಆಮ್ಯಾಲ ಇವ ಫರಾಜ ನನಗೊಂದು ಆಟಾ ಆಡ್ಸಿದ. ಬಾ, ಅದನ್ನ ನೀನೂ ಆಡು."

ಜಾಂಬೋಟಿ ಕಡೆಯ ಗಿರಾಕಿಯೊಬ್ಬ ಪ್ರೀತಿಯಿಂದ ಕೊಟ್ಟುಹೋದ ಉದ್ದನೆಯ ಕುಂಬಳಕಾಯಿ ಅಂಗಡಿಯ ಮೂಲೆಯಲ್ಲಿತ್ತು. ಹೆಚ್ಚೂಕಡಿಮೆ ಸೃಷ್ಟಿಯಷ್ಟೇ ಭಾರ. ಇಮಾಮಬೀ ಅದಕ್ಕೆ ಕೂಸಿನ ಟೊಪ್ಪಿಗೆಯ ಹಾಗೆ ಕರವಸ್ತ್ರದ ಕುಂಚಿಗೆ ಕಟ್ಟಿ, "ಹಿಡಿ ನಿನ್ನ ಮೊಮ್ಮಗಳನ್ನ" ಎಂದು ಕೊಟ್ಟಳು. ಅಂಗಡಿಯ ಹಿಂದೆ ಜನರಿಲ್ಲದ ಖಾಲಿ ಬಯಲಿತ್ತು. ವಿನಯ ಅಲ್ಲಿಗೆ ಕಾರು ತಂದ. ಶಿವಲಿಂಗವ್ವ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಕುಂಬಳಕಾಯಿಯನ್ನು ಎರಡೂ ಕೈಯಿಂದ ತಬ್ಬಿ ಕುಳಿತಳು.

ವಿನಯ ಗಾಡಿಯನ್ನು ನಿಧಾನವಾಗಿಯೇ ಓಡಿಸಿದ. ಹಾಗೇ ಹೋಗುತ್ತ ಸಟ್ಟನೆ ಹೊರಳಿಸಿ ಬ್ರೇಕು ಒತ್ತಿದ. ಕುಂಬಳಕಾಯಿ ತೋಳಿನಿಂದ ಜಾರಿ ಬಾಗಿಲಿಗೆ ಧಪ್ಪೆಂದು ಬಡಿಯಿತು.

"ನಾ ತಯಾರ ಇರ್ಲಿಲ್ಲ! ಮತ್ತೊಮ್ಮಿ ಮಾಡು" ಎಂದಳು.

"ರಸ್ತಾದಾಗ ಯಾರರ ಹೇಳಿ ಹಾಯ್ತಾರೇನ ಮೌಶಿ?" ಫರಾಜ ಹೊರಗಿನಿಂದ ಕೇಳಿದ.

ಈ ಸಲ ತಯಾರಾಗಿ, ಹಲ್ಲು ಕಚ್ಚಿ ಹಿಡಿದಳು. ಕುಂಬಳಕಾಯಿ ಮತ್ತೆ ಹೋಯಿತು, ಕುಂಚಿಗೆ ಮಾತ್ರ ಅವಳ ಕೈಯಲ್ಲಿ ಉಳಿಯಿತು. ಇಮಾಮಬೀ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಶಿವಲಿಂಗವ್ವನಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ಸರದಿ ಸೀಟಿನದು. ಮೊದಲು ಅವಳ ಇಚ್ಛೆಯಂತೆ ಕೌದಿ ಹಾಸಿ, ಅದರ ಮೇಲೆ ಕುಂಬಳಕಾಯಿ ಇಟ್ಟು ಪಟ್ಟಿ ಕಟ್ಟಿದರು. ಗಾಡಿ ಹೊರಳಿದಾಗ ಕೌದಿ ಕುಗ್ಗಿತು, ಪಟ್ಟಿ ಸಡಿಲಾಯಿತು, ಕಾಯಿಯ ತುದಿ ಕಿವಿಯ ಮೇಲಿಂದ ಆಚೆ ವಾಲಿ ಕಿಟಕಿಯ ಗಾಜಿಗೆ ಟಕ್ಕೆಂದಿತು. ಆಮೇಲೆ ಫರಾಜ ಕೌದಿ ತೆಗೆದುಹಾಕಿದ. ಕಾಯಿಯ ತುದಿ ಎರಡು ಕಿವಿಗಳ ನಡುವೆ ಬರುವಂತೆ ತಲೆದಿಂಬನ್ನು ಸರಿಪಡಿಸಿ, ಪಟ್ಟಿ ಬಿಗಿದ. ವಿನಯ ಹಿಂದಿನಷ್ಟೇ ಜೋರಾಗಿ ಹೊರಳಿಸಿದ. ಕುಂಬಳಕಾಯಿ ಕಿವಿಗೆ ಒರಗಿತು, ಮತ್ತೆ ತನ್ನ ಜಾಗದಲ್ಲಿ ಕುಳಿತಿತು.

ಶಿವಲಿಂಗವ್ವ ಬಾಗಿಲು ತೆಗೆದು ಕುಂಬಳಕಾಯಿಯನ್ನು ನೋಡಿದಳು. ಮೊದಲೆರಡು ಸಲ ಬಡಿದಲ್ಲಿ ಸಿಪ್ಪೆ ಸೀಳಿತ್ತು.

"ಇದು ಒಡದ್ರ ಪಲ್ಯಾ ಮಾಡ್ತೀನಿ ಬಿಡು" ಎಂದಳು ಇಮಾಮಬೀ. ಶಿವಲಿಂಗವ್ವ ಕೂಸಿನ ತಲೆ ಸವರುವಂತೆ ಆ ಸೀಳನ್ನು ಸವರಿದಳು.

ಆಮೇಲೆ ಸೆರಗು ಸಿಕ್ಕಿಸಿಕೊಂಡಳು. "ಫರಾಜಾ, ಇದನ್ನ ಹೆಂಗ ಕಟ್ಟಬೇಕು, ನನಗ ಕಲಸು. ಈ ಹುಡುಗೂರು ಅವಸರದಾಗ ಮರೀತಾವ."

ಫರಾಜ ಅವಳ ಕೈಯಿಂದಲೇ ಮಾಡಿಸಿದ. ಸೀಟನ್ನು ಹಿಂದಿನ ಸಾಲಿನಲ್ಲೇ ಕಟ್ಟಬೇಕು. ಬುಡ ಹಿಡಿದು ಅಲ್ಲಾಡಿಸಿದರೆ ಅದು ಜಾಗ ಬಿಡಬಾರದು. ಕೂಸಿನ ಬೆನ್ನು ಸೀಟಿಗೆ ಪೂರ್ತಿ ತಾಗಿರಬೇಕು, ತಲೆ ಕಿವಿಗಳ ಒಳಗೇ ಇರಬೇಕು. "ಹೆಗಲ ಮ್ಯಾಲಿನ ಪಟ್ಟಿ ಚೂಟಿ ನೋಡ್ರಿ ಮೌಶಿ. ಬೆರಳಿನ್ಯಾಗ ಮಡಿಕಿ ಸಿಕ್ರ ಇನ್ನೂ ಸಡ್ಲ ಐತಿ ಅಂತ ತಿಳ್ಕೋರಿ. ದಪ್ಪನ ಸ್ವೆಟರ್ ಹಾಕಿ ಕಟ್ಟಬ್ಯಾಡ್ರಿ. ಚಳಿ ಇದ್ರ ಪಟ್ಟಿ ಬಿಗಿದ ಮ್ಯಾಲ ಕೌದಿ ಹೊದಿಸ್ರಿ, ಕೆಳಗ ಹಾಸಬ್ಯಾಡ್ರಿ."

"ಮತ್ತ ಇದು ಇದ್ರ ಏನೂ ಆಗೂದಿಲ್ಲ ಅಂತಿ?"

"ಹಂಗ ಯಾರೂ ಹೇಳಾಕ ಬರೂದಿಲ್ರಿ. ವಿನಯಣ್ಣ ಸಾವಕಾಶ ಹೊಡೀಬೇಕು. ಆದ್ರ ಉಡಿಗಿಂತ ಇದು ಸಾವಿರ ಪಾಲು ಚಲೋ."

ಮನೆಗೆ ಬರುವಾಗ ಶಿವಲಿಂಗವ್ವ ಕೌದಿಯನ್ನು ಮಡಿಲಿಗೆ ಒತ್ತಿ ಹಿಡಿದಿದ್ದಳು. ಸೀಟಿನ ಮಾತು ಅವಳ ತಲೆಗೆ ಇಳಿದಿತ್ತು. ಹರಕೆಯ ಮಾತು ಎದೆಯಲ್ಲಿ ಕುಳಿತಿತ್ತು. ಸಂಜೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆಗೆ ಕುಳಿತಳು. ಸೃಷ್ಟಿ ಅಂಗಳದಲ್ಲಿ ಆಡುತ್ತಿದ್ದಳು. ಅಪರೂಪಕ್ಕೆ ಮಡಿಲು ಖಾಲಿಯಿತ್ತು. ಅಂಗೈಯ ಮೇಲಿನ ಲಿಂಗವನ್ನೇ ದಿಟ್ಟಿಸುತ್ತಿದ್ದಂತೆ ಅವಳ ಮನಸ್ಸು ತಿಳಿಯಾಗುತ್ತ ಬಂತು. ಅಂದು ಗುಡಿಯಲ್ಲಿ ನಿಂತು ಬೇಡಿದ್ದು ಏನನ್ನು? ಕೂಸನ್ನು. ಕೊಟ್ಟವನಿಗೆ ಆ ಕೂಸು ನಗುನಗುತ್ತ ತನ್ನ ಮುಂದೆ ಬಂದರೆ ಸಾಕಲ್ಲವೆ? ನನ್ನ ತೋಳಿನ ಸೊಕ್ಕನ್ನು ಅವನು ಯಾವಾಗ ಕೇಳಿದ್ದ? ಹೀಗೆ ಅಂದುಕೊಂಡ ಕೂಡಲೇ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಪೂಜೆ ಮುಗಿಸಿ ಎದ್ದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು. "ಕಾಂತಾ, ಕೇಳಿಲ್ಲೆ. ಗಾಡಿ ನಡಿಯೂತನಕ ಕೂಸು ಸೀಟಿಂದು. ಗಾಡಿ ನಿಂತ ಮ್ಯಾಲ ಕೂಸು ನನ್ನ ಉಡೀದು. ಆಗ ಯಾರರ ಕೇಳಿದ್ರ ನೋಡು!"

"ಕೇಳೂದಿಲ್ರಿ ಅತ್ತಿ" ಎಂದು ಕಾಂತಾ ಹಿಟ್ಟಿನ ಕೈಯಲ್ಲೇ ಅತ್ತೆಯ ಕಾಲಿಗೆ ಬಗ್ಗಿದಳು.

ಸೋಮವಾರ ಮುಂಜಾನೆ ಮಂಜು ಇನ್ನೂ ಹರಿದಿರಲಿಲ್ಲ. ಶಿವಲಿಂಗವ್ವ ತಾನೇ ಸೃಷ್ಟಿಯನ್ನು ಕೂರಿಸಿ, ಪಟ್ಟಿ ಬಿಗಿದು, ಚೂಟಿ ನೋಡಿ, ಮೇಲೆ ಕೌದಿ ಹೊದಿಸಿದಳು. ತಾನು ಪಕ್ಕದಲ್ಲಿ ಕುಳಿತು ಬೆಲ್ಟು ಹಾಕಿಕೊಂಡಳು. ಗಾಡಿ ಓಣಿ ದಾಟುವ ಮೊದಲೇ ಸೃಷ್ಟಿ ತುಟಿ ಸೊಟ್ಟ ಮಾಡಿದಳು. "ಆಯೀ... ಉಡಿ! ಉಡಿ ಬೇಕು!"

ಮುದುಕಿಯ ಕೈ ತಾನಾಗಿ ಪಟ್ಟಿಯ ಗುಂಡಿಯ ಕಡೆಗೆ ಹೋಯಿತು. ಕಾಂತಾ ಮುಂದಿನ ಸೀಟಿನಿಂದ ತಿರುಗಿ ನೋಡಿದಳು. ಶಿವಲಿಂಗವ್ವ ಕೈಯನ್ನು ತಡೆದುಕೊಂಡಳು. ಆ ಕೈಯ ಒಂದು ಬೆರಳನ್ನು ಕೂಸಿನ ಮುಷ್ಟಿಗೆ ಕೊಟ್ಟಳು. "ಕೇಳು ನನ್ನ ಬಂಗಾರಾ, ಒಂದೂರಾಗ ಒಂದು ಮೊಲಾ ಇತ್ತು. ಅದರ ಕಿವಿ ಎಷ್ಟುದ್ದ ಇದ್ದೂ ಅಂದ್ರ..." ಎಂದು ಕಥೆ ಹಚ್ಚಿದಳು. ಪೀರನವಾಡಿ ದಾಟುವಾಗ ಅಳು ನಿಂತಿತು. ದೇಸೂರು ಬರುವ ಹೊತ್ತಿಗೆ ಮೊಲ ಇನ್ನೂ ಕಾಡಿನಲ್ಲೇ ಇತ್ತು, ಸೃಷ್ಟಿ ಮಾತ್ರ ಸೀಟಿನ ಕಿವಿಗೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು.

ಖಾನಾಪುರ ಇನ್ನೇನು ಬಂತು ಅನ್ನುವಾಗ ಪಕ್ಕದ ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಹಿಂದೆಮುಂದೆ ನೋಡದೆ ರಸ್ತೆಗೆ ಮೂತಿ ಹಾಕಿತು. ವಿನಯ ಬ್ರೇಕು ಒತ್ತಿ ಗಾಡಿಯನ್ನು ಆಚೆ ಎಳೆದ. ಹೂವಿನ ಬುಟ್ಟಿ ಉರುಳಿತು, ತೆಂಗಿನಕಾಯಿಯ ಚೀಲ ಕೆಳಗೆ ಬಿತ್ತು. ಟ್ರ್ಯಾಕ್ಟರಿಗೂ ಅವರ ಬಾಗಿಲಿಗೂ ನಡುವೆ ಒಂದು ಕೈ ಅಂತರ ಉಳಿದು ಗಾಡಿ ನಿಂತಿತು. "ಯಪ್ಪಾ ಬಸವಣ್ಣಾ!" ಎಂದು ಶಿವಲಿಂಗವ್ವ ಕೂಸಿನ ಕಡೆಗೆ ಕೈ ಚಾಚಿದಳು. ಅವಳ ಕೈ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಸೃಷ್ಟಿಯ ತಲೆ ಈ ಕಿವಿಯಿಂದ ಆ ಕಿವಿಗೆ ಹೊರಳಿತ್ತು, ಅಷ್ಟೇ. ತುಟಿ ಚಪ್ಪರಿಸಿ ಅವಳು ಮತ್ತೆ ನಿದ್ದೆಗೆ ಜಾರಿದಳು. ಶಿವಲಿಂಗವ್ವ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಸೀಟಿನ ಕಿವಿಯನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಗುಡಿಯ ಮುಂದೆ ಗಾಡಿ ನಿಂತಿತು. ಪಟ್ಟಿ ಬಿಚ್ಚಿದ್ದೇ ತಡ, ಕೂಸನ್ನು ಎತ್ತಿಕೊಂಡು ಅವಳು ಹೊರಟ ನಡಿಗೆಗೆ ಹರೆಯದವರೂ ಹಿಂದೆ ಬಿದ್ದರು. ಬಸವಣ್ಣನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಸೃಷ್ಟಿಯನ್ನು ಉಡಿಯಲ್ಲಿ ಇಟ್ಟುಕೊಂಡಳು. ಗುಂಗುರು ಕೂದಲು ಎಳೆ ಎಳೆಯಾಗಿ ಅವಳ ಸೆರಗಿಗೆ ಉದುರಿತು. ಕೂಸು ತನ್ನ ನುಣ್ಣನೆಯ ತಲೆಯನ್ನು ತಾನೇ ಸವರಿಕೊಂಡು ಕಿಲಕಿಲ ನಕ್ಕಿತು. ಹರಕೆ ತೀರಿತು. ಶಿವಲಿಂಗವ್ವನ ಕಣ್ಣಿಂದ ಇಳಿದ ನೀರು ಆ ಬೋಳು ತಲೆಯ ಮೇಲೆ ಬಿತ್ತು. ಅವಳು ಅದನ್ನು ಒರೆಸಲಿಲ್ಲ.

ಹೊರಗೆ ಅವಳ ತಮ್ಮ ಉಳವಪ್ಪ ಕಾಯುತ್ತಿದ್ದ. ಹೋಳಿಗೆ ಊಟ ಅವನ ಮನೆಯಲ್ಲಿ. "ನಡಿ ಅಕ್ಕಾ, ಮನಿ ಇಲ್ಲೇ ಐತಿ. ಇಷ್ಟ ದಾರಿಗೆ ಆ ಕುರ್ಚಿ ಕಟ್ಟೂದ್ಯಾಕ? ಕೂಸನ್ನ ನನ್ನ ತೊಡಿಮ್ಯಾಲ ಕೊಡು. ಇಕಿ ಅಪ್ಪನ ಸೋದರಮಾವಗ ಅಷ್ಟೂ ಹಕ್ಕಿಲ್ಲೇನು?"

ವಿನಯ ಮತ್ತು ಕಾಂತಾ ಒಬ್ಬರ ಮುಖ ಒಬ್ಬರು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಶಿವಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಉಳವ್ಯಾ, ಟ್ರ್ಯಾಕ್ಟರ್ ಹಾಯಾಕ ಬಂದ್ರ ದಾರಿ ದೂರ ಐತೋ ಸಮೀಪ ಐತೋ ಅಂತ ಕೇಳತೈತೇನ? ನಿನ್ನ ಹಕ್ಕು ನಿನ್ನ ಮನ್ಯಾಗ ತೊಗೋ, ಗಾಡ್ಯಾಗ ಬ್ಯಾಡ. ಬಾ ಇಲ್ಲೆ, ಪಟ್ಟಿ ಹೆಂಗ ಬಿಗೀಬೇಕು ನೋಡ್ಕೋ. ನಾಳಿ ನಿನಗೂ ಮೊಮ್ಮಕ್ಕಳಾಗ್ತಾವ. ಚೂಟಿ ನೋಡು. ಮಡಿಕಿ ಸಿಕ್ತೇನ? ಇಲ್ಲಲಾ? ಹಾಂ, ಇನ್ನ ಬೇಕಾದ್ರ ಕೂಸಿಗೆ ಒಂದು ಮುತ್ತು ಕೊಡು."

ಉಳವಪ್ಪ ಬಗ್ಗಿ ಬೋಳು ತಲೆಗೆ ಮುತ್ತು ಕೊಟ್ಟ. ಅವನ ಮೀಸೆ ಚುಚ್ಚಿ ಸೃಷ್ಟಿ ಕಿರುಚಿ ನಕ್ಕಳು. ಗಾಡಿ ಹೊರಟಿತು.

ತಾಯಂದಿರೆ, ತಂದೆಯರೆ, ಅಜ್ಜ ಅಜ್ಜಿಯರೆ, ಈ ಮಾತು ನಿಮಗೂ ಸೇರಿದ್ದು. ಕಾರಿನಲ್ಲಿ ಕೂಸನ್ನು ಕರೆದೊಯ್ಯುವಾಗ ಅದರ ಎತ್ತರಕ್ಕೂ ತೂಕಕ್ಕೂ ಒಪ್ಪುವ ಸೀಟಿನಲ್ಲಿ, ಹಿಂದಿನ ಸಾಲಿನಲ್ಲಿ ಕೂರಿಸಿ. ನಮ್ಮ ಕಾನೂನೂ ಮಕ್ಕಳನ್ನು ಕಟ್ಟಿ ಕೂರಿಸಿ ಎಂದೇ ಹೇಳುತ್ತದೆ. ಕೊಳ್ಳುವಾಗ ಬದಿಯ ಕಿವಿಗಳು ಆಳವಾಗಿವೆಯೆ, ಪಕ್ಕದಿಂದ ಬರುವ ಪೆಟ್ಟನ್ನು ತಡೆಯುತ್ತದೆಯೆಂದು ಪರೀಕ್ಷೆಯಾದ ಸೀಟೇ ಎಂದು ಕೇಳಿ, ಚೀಟಿ ಓದಿಸಿಕೊಳ್ಳಿ. ತೀರ ಎಳೆಯ ಕೂಸಾದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟು ಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದೂ ಕಟ್ಟಬೇಡಿ. ಒಮ್ಮೆ ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬೇಡಿ. ಕೂಸು ಬೆಳೆದಂತೆ ತಲೆದಿಂಬನ್ನು ಏರಿಸಿ, ತಲೆ ಕಿವಿಗಳನ್ನು ದಾಟಿತೆಂದರೆ ದೊಡ್ಡ ಸೀಟು ತನ್ನಿ. ಮೆತ್ತಗಿರಲಿ ಎಂದು ಕೆಳಗೆ ಏನನ್ನೂ ಹಾಸಬೇಡಿ. ಹತ್ತಿರದ ದಾರಿ ಎಂದು ಬಿಡಬೇಡಿ. ಕೂಸು ಅತ್ತೀತು, ಉಡಿ ಬೇಕು ಎಂದೀತು. ಆಗ ಪಟ್ಟಿ ಬಿಚ್ಚಬೇಡಿ, ಒಂದು ಕಥೆ ಹೇಳಿ.

ನಿಮ್ಮ ಮಡಿಲು ಎಲ್ಲಿಗೂ ಹೋಗುವುದಿಲ್ಲ. ಗಾಡಿ ನಿಂತ ಮೇಲೆ ಕೂಸು ತಾನೇ ಕೈ ಚಾಚಿ ಅದರೊಳಗೆ ಬರುತ್ತದೆ.